ನ್ಯಾನೊ ನಳಿಕೆ: ಬಲಕ್ಕಿಂತ ವಿಂಗಡಣೆಯೇ ಸವಾಲು

ಮಾನ್ಯರೇ,

ಕಾರ್ಬನ್ ನ್ಯಾನೊಟ್ಯೂಬ್ (ಇಂಗಾಲದ ತೆಳು ಹಾಳೆ ಸುರುಳಿಯಾದಂತಿರುವ ಅತಿಸೂಕ್ಷ್ಮ ನಳಿಕೆ) ಕುರಿತ ಬರಹಗಳಲ್ಲಿ ಅದು ಉಕ್ಕಿಗಿಂತ ಎಷ್ಟೋ ಪಟ್ಟು ಗಟ್ಟಿ ಎಂಬ ಮಾತು ತಪ್ಪದೆ ಬರುತ್ತದೆ. ಒಂಟಿ ನಳಿಕೆಯ ಮಟ್ಟಿಗೆ ಅದು ನಿಜ. ಆದರೆ ಅಸಂಖ್ಯ ನಳಿಕೆಗಳನ್ನು ಹೊಸೆದು ನೂಲಾಗಿಸಿದಾಗ ಅವು ಒಂದರ ಮೇಲೊಂದು ಜಾರುವುದರಿಂದ ಆ ಬಲದ ಸ್ವಲ್ಪ ಪಾಲು ಮಾತ್ರ ಉಳಿಯುತ್ತದೆ.

ಜಪಾನಿನ ಸುಮಿಯೊ ಇಜಿಮಾ 1991ರಲ್ಲಿ ಈ ನಳಿಕೆಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಂಡು ವಿವರಿಸಿದ ಮೇಲೆ ಸಂಶೋಧನೆ ಬಿರುಸಾಯಿತು. 1998ರಲ್ಲಿ ಇವುಗಳಿಂದ ಮಾಡಿದ ಟ್ರಾನ್ಸಿಸ್ಟರ್, ಅಂದರೆ ವಿದ್ಯುತ್ ಹರಿವನ್ನು ಆನ್-ಆಫ್ ಮಾಡುವ ಪುಟ್ಟ ಸ್ವಿಚ್ ಕೂಡ ಬಂತು. ತೊಡಕಿರುವುದು ಬೇರೆ ಕಡೆ. ಇಂಗಾಲದ ಹಾಳೆ ಯಾವ ಕೋನದಲ್ಲಿ ಸುರುಳಿಯಾಗಿದೆ ಎಂಬುದರ ಮೇಲೆ ನಳಿಕೆಯು ಲೋಹದಂತೆ ವರ್ತಿಸುವುದೋ ಅರೆವಾಹಕ (ವಿದ್ಯುತ್ ಹರಿವನ್ನು ಬೇಕಾದಂತೆ ತಡೆದು ಬಿಡಬಹುದಾದ ವಸ್ತು) ಆಗುವುದೋ ನಿರ್ಧಾರವಾಗುತ್ತದೆ. ಸಾಮಾನ್ಯವಾಗಿ ಮೂರರಲ್ಲಿ ಒಂದು ಪಾಲು ಲೋಹೀಯವಾಗಿಯೇ ಬೆಳೆಯುತ್ತದೆ. ಅಂಥದ್ದೊಂದು ನುಸುಳಿದರೂ ಸಾಕು, ಟ್ರಾನ್ಸಿಸ್ಟರ್ ಪೂರ್ತಿ ಆಫ್ ಆಗದೆ ವಿದ್ಯುತ್ ಸೋರುತ್ತಲೇ ಇರುತ್ತದೆ. 2019ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ತಂಡವು 14,000ಕ್ಕೂ ಹೆಚ್ಚು ಟ್ರಾನ್ಸಿಸ್ಟರ್‌ಗಳ 16 ಬಿಟ್ ಪ್ರೊಸೆಸರ್ ನಿರ್ಮಿಸಿದಾಗ, ಕೆಲವು ಲೋಹೀಯ ನಳಿಕೆಗಳು ಉಳಿದುಕೊಂಡರೂ ಕೆಲಸ ಕೆಡದಂತೆ ಸರ್ಕ್ಯೂಟ್ ವಿನ್ಯಾಸವನ್ನೇ ಹೊಂದಿಸಿಕೊಂಡಿತ್ತು. ನನ್ನ ದೃಷ್ಟಿಯಲ್ಲಿ ಪ್ರೊಸೆಸರ್‌ಗಿಂತ ಈ ಜಾಣತನವೇ ದೊಡ್ಡದು.

ಸದ್ಯಕ್ಕೆ ನಳಿಕೆಗಳು ಸದ್ದಿಲ್ಲದೆ ದುಡಿಯುತ್ತಿರುವುದು ಲಿಥಿಯಂ ಅಯಾನ್ ಬ್ಯಾಟರಿಗಳಲ್ಲಿ. ವಿದ್ಯುದ್ವಾರದ ಕಣಗಳ ನಡುವೆ ವಾಹಕ ಜಾಲ ಹೆಣೆಯಲು ಅತ್ಯಲ್ಪ ಪ್ರಮಾಣ ಸಾಕು.

ಆದರೆ ಉದ್ದನೆಯ, ಬಾಗದ ಬಹುಪದರ ನಳಿಕೆಗಳು ಇಲಿಗಳಲ್ಲಿ, ಶ್ವಾಸಕೋಶಕ್ಕೆ ಹಾನಿಕರವಾದ ಎಳೆಗಳ ಖನಿಜ ಕಲ್ನಾರಿನಂತೆ (ಆಸ್ಬೆಸ್ಟಾಸ್), ಉರಿಯೂತ ಉಂಟುಮಾಡುವುದನ್ನು 2008ರ ಪ್ರಯೋಗವೊಂದು ತೋರಿಸಿದೆ. ಎಲ್ಲ ನಳಿಕೆಗಳಿಗೂ ಇದೇ ಹಣೆಪಟ್ಟಿ ಹಚ್ಚುವುದು ಸರಿಯಲ್ಲವಾದರೂ, ಬೇಕಾದ ಸುರುಳಿಯನ್ನಷ್ಟೇ ಬೆಳೆಸುವ ವೇಗವರ್ಧಕಗಳ ಹುಡುಕಾಟದ ಜೊತೆಗೇ ಉದ್ದ ಮತ್ತು ಬಿಗುವಿಗೆ ಅನುಗುಣವಾದ ಸುರಕ್ಷತಾ ಪರೀಕ್ಷೆಗೂ ಅನುದಾನ ಮೀಸಲಿಡಬೇಕು.