ಕುರಿಯ ಧೂಳು, ಭಟ್ಟಿಯ ಹೊಗೆ

ಚಿತ್ರದುರ್ಗ
ಭಾನುವಾರ ರಾತ್ರಿ

ಪ್ರೀತಿಯ ಪುಟ್ಟಿ,

ನೀನು ಕಳಿಸಿದ ಹನ್ನೊಂದು ಫೋಟೋನೂ ನೋಡಿದೆ. ಮೊನ್ನೆ ಫೋನಲ್ಲಿ "ಹೆಂಗಿದಾವಪ್ಪಾ?" ಅಂತ ಕೇಳಿದಾಗ "ಚೆನ್ನಾಗಿವೆ" ಅಂದು ಮಾತು ಮುಗಿಸಿಬಿಟ್ಟೆ. ನಿನ್ನ ಮುಖ ಸಣ್ಣದಾಗಿರುತ್ತೆ ಅಂತ ನಿಮ್ಮಮ್ಮ ಎರಡು ದಿನದಿಂದ ಬೈಯುತ್ತಿದ್ದಾಳೆ. ಫೋನಲ್ಲಿ ನನಗೆ ಇಂಥದ್ದೆಲ್ಲ ಹೇಳೋಕೆ ಬರಲ್ಲ ಕಣಮ್ಮ. ಅದಕ್ಕೇ ಈ ಕಾಗದ. ಸ್ಟುಡಿಯೋ ಬಾಗಿಲು ಹಾಕಿ, ಆಲ್ಬಮ್ ಟೇಬಲ್ ಮೇಲೇ ಕೂತು ಬರೆಯುತ್ತಿದ್ದೇನೆ.

ನಾಲ್ಕನೇ ಫೋಟೋ ಬಗ್ಗೆ ಮೊದಲು. ಮಂಡಕ್ಕಿ ಭಟ್ಟಿಯ ಒಳಗೆ ಕತ್ತಲು. ತಗಡಿನ ತೂತಿನಿಂದ ಬಿಸಿಲು ಕೋಲಿನ ಹಾಗೆ ಇಳಿದಿದೆ. ಆತ ಜರಡಿ ಮೇಲಕ್ಕೆತ್ತಿ ಎರಚಿದ್ದಾನೆ, ಮಂಡಕ್ಕಿ ಬಿಸಿಲಲ್ಲಿ ಹಾಗೇ ನಿಂತುಬಿಟ್ಟಿದೆ. ಮರಳಿನ ಪುಡಿ, ಹೊಗೆ, ಎಲ್ಲ ಹೊಳೆಯುತ್ತಿದೆ. ಯಾರಿಗೆ ತೋರಿಸಿದರೂ "ಆಹಾ" ಅಂತಾರೆ. ನಾನೂ ಅಂದೆ.

ಆಮೇಲೆ ಮೂರನೆಯದನ್ನು ಪಕ್ಕದಲ್ಲಿಟ್ಟು ನೋಡಿದೆ. ಮೂರನೆಯದರಲ್ಲಿ ಆತನ ಬನಿಯನ್ ಒಣಗಿದೆ. ನಾಲ್ಕನೆಯದರಲ್ಲಿ ಬೆವರಿಗೆ ಬೆನ್ನಿಗಂಟಿದೆ. ಬಿಸಿಲಿನ ಕೋಲು ಒಂದು ಗೇಣು ಪಕ್ಕಕ್ಕೆ ಸರಿದಿದೆ. ಭಟ್ಟಿಯಲ್ಲಿ ಮರಳು ಬೇರೆ ಮಾಡೋಕೆ ಜರಡಿ ಅಲ್ಲಾಡಿಸುತ್ತಾರೆ, ತಲೆಯ ಮೇಲಕ್ಕೆ ಎರಚಲ್ಲ. ಸಿಟ್ಟಾಗಬೇಡ, ಒಂದು ಮಾತು ಕೇಳುತ್ತೇನೆ. "ಅಣ್ಣಾ, ಇನ್ನೊಂದ್ಸಲ" ಅಂತ ಎಷ್ಟು ಸಲ ಅಂದೆ?

ಬೈಯೋಕೆ ಕೇಳುತ್ತಿಲ್ಲ. ಬೈಯೋ ಯೋಗ್ಯತೆ ನನಗಿಲ್ಲ. ಕೌಂಟರ್ ಹಿಂದಿನ ಗೋಡೆ ಮೇಲೆ ಒಂದು ಮೊಳೆ ಸುಮ್ನೆ ಇದೆ, ಅದಕ್ಕೆ ಏನೂ ನೇತುಹಾಕಿಲ್ಲ, ಯಾಕೆ ಅಂತ ಸಣ್ಣವಳಿದ್ದಾಗ ಕೇಳುತ್ತಿದ್ದೆಯಲ್ಲ? ಅದರ ಕಥೆ ಹೇಳುತ್ತೇನೆ.

ನನಗೆ ಆಗ ಇಪ್ಪತ್ತಾರೋ ಇಪ್ಪತ್ತೇಳೋ. ಹೊಟ್ಟೆಪಾಡಿಗೆ ಮದುವೆ ಫೋಟೋ, ಮನಸ್ಸೆಲ್ಲ ಸಲೂನ್ ಮೇಲೆ. ಸಲೂನ್ ಅಂದರೆ ಛಾಯಾಚಿತ್ರ ಸ್ಪರ್ಧೆ. "ನಮ್ಮ ಹುಡುಗನಿಗೆ ಸಲೂನಲ್ಲಿ ಸರ್ಟಿಫಿಕೇಟ್ ಬಂದೈತೆ" ಅಂತ ನಿಮ್ಮಜ್ಜಿ ಬೀದಿಯಲ್ಲಿ ಹೇಳಿದರೆ, ಯಾವಾಗ ಕತ್ತರಿ ಹಿಡಿದ ಅಂತ ಜನ ನಗೋರು. ಎಫ್‌ಐಎಪಿ ಅಂತ ಛಾಯಾಗ್ರಹಣದ ಒಂದು ಅಂತಾರಾಷ್ಟ್ರೀಯ ಸಂಸ್ಥೆ ಇದೆ. ಅದರ ಮಾನ್ಯತೆ ಇರುವ ಸಲೂನ್‌ಗಳಲ್ಲಿ ಇಂತಿಷ್ಟು ಫೋಟೋ ಆಯ್ಕೆಯಾದರೆ ಹೆಸರಿನ ಮುಂದೆ ಎಎಫ್‌ಐಎಪಿ ಅಂತ ಬಿರುದು ಹಾಕಿಕೊಳ್ಳಬಹುದು. ಸಂಡೂರಿನ ಎಂ.ವೈ. ಘೋರ್ಪಡೆ ರಾಜ್ಯದ ಹಣಕಾಸು ಮಂತ್ರಿಯಾಗಿದ್ದವರು, ಅವರೂ ಕ್ಯಾಮೆರಾ ಹಿಡಿದು ಕಾಡು ಸುತ್ತಿದವರೇ. ಪಕ್ಕದ ಜಿಲ್ಲೆಯವರಿಗೆ ಆಗಿದ್ದು ನಮಗ್ಯಾಕೆ ಆಗಲ್ಲ ಅಂತ ನನಗೂ ಹುಚ್ಚು.

ಆಗ ಗೆಲ್ಲುವ ಫೋಟೋ ಯಾವುದು ಅಂತ ಎಲ್ಲರಿಗೂ ಗೊತ್ತಿತ್ತು. ಸಂಜೆ ಬಿಸಿಲು ಎದುರಿಗಿರಬೇಕು. ಕುರಿಮಂದೆ ಬರಬೇಕು. ಧೂಳೇಳಬೇಕು. ಧೂಳಿನೊಳಗೆ ಕಂಬಳಿ ಹೊದ್ದ ಕುರುಬನ ನೆರಳು. ಮುಗೀತು.

ಚಳ್ಳಕೆರೆ ರಸ್ತೆಯ ಹತ್ತಿರ ಒಂದು ಬಯಲಲ್ಲಿ ಒಬ್ಬ ಹಿರಿಯರು ಸಿಕ್ಕರು. ಐವತ್ತು ರೂಪಾಯಿ ಕೊಟ್ಟೆ. ಮಂದೆ ಓಡಿಸಿದರು. ಧೂಳು ಸಾಲಲಿಲ್ಲ. ವಾಪಸ್ ಕರೆಸಿ ಮತ್ತೆ ಓಡಿಸಿದೆ. ಮುಂದಿನ ಕುರಿ ಅಡ್ಡ ತಿರುಗಿತು. ಮತ್ತೆ. ಐದನೇ ಸಲವೋ ಆರನೇ ಸಲವೋ ಅವರು ಕೋಲು ಊರಿ ನಿಂತುಬಿಟ್ಟರು. ಜೋರು ಮಾಡಲಿಲ್ಲ. "ಸಾಕು ಬಿಡು ಸಾಮಿ, ಗಬ್ಬದ ಕುರಿ ಐದಾವೆ" ಅಂದರು.

ನಾನು ಏನು ಮಾಡಿದೆ ಗೊತ್ತಾ? ಇನ್ನೂ ಇಪ್ಪತ್ತು ರೂಪಾಯಿ ತೆಗೆದೆ. "ಇದೊಂದೇ ಸಲ ಯಜಮಾನ್ರೇ, ಬಿಸಿಲು ಹೋಗ್ತಾ ಇದೆ" ಅಂದೆ. ಅವರು ದುಡ್ಡು ತಗೊಳ್ಳಲಿಲ್ಲ. ಆದರೆ ಓಡಿಸಿದರು. ಫೋಟೋ ಅದ್ಭುತವಾಗಿ ಬಂತು. ಸರ್ಟಿಫಿಕೇಟ್ ಬಂತು. ಕಟ್ಟು ಹಾಕಿಸಿ ಆ ಮೊಳೆಗೆ ನೇತುಹಾಕಿದೆ.

ಕಷ್ಟ ಶುರುವಾಗಿದ್ದು ಆಮೇಲೆ. ಸ್ಟುಡಿಯೋಗೆ ಬಂದವರೆಲ್ಲ ಅದನ್ನು ನೋಡಿ ಹೊಗಳೋರು. ಒಂದು ದಿನ ಕುರಿ ಉಣ್ಣೆ ಕತ್ತರಿಸುವ ಕಂಬಳಿಯವರೊಬ್ಬರು ಪಾಸ್‌ಪೋರ್ಟ್ ಸೈಜ್ ಫೋಟೋಗೆ ಬಂದರು. ಗೋಡೆ ಕಡೆ ನೋಡಿ, "ಏನು, ತೋಳ ಬಂದಿತ್ತಾ?" ಅಂತ ಕೇಳಿದರು. ನಿಜವಾಗಿ ಕೇಳಿದ್ದು, ತಮಾಷೆಗಲ್ಲ. ಕುರಿ ಓಡುವ ರೀತಿ ನೋಡಿದರೆ ಹೆದರಿವೆ ಅಂತ ಅವರಿಗೆ ಗೊತ್ತಾಗಿತ್ತು. ತೀರ್ಪುಗಾರರಿಗೆ ಗೊತ್ತಾಗಿರಲಿಲ್ಲ. ಅವತ್ತೇ ಇಳಿಸಿದೆ. ಮೊಳೆ ಕೀಳೋಕೆ ಹೋಗಿ ಗಾರೆ ಉದುರಿತು, ಹಾಗೇ ಬಿಟ್ಟೆ.

ಆ ಹಿರಿಯರಿಗೆ ಒಂದು ಪ್ರಿಂಟ್ ಕೊಡಬೇಕು ಅಂತ ಹುಡುಕಿದೆ. ಊರ ಹೆಸರೂ ಕೇಳಿರಲಿಲ್ಲ ನಾನು. ಸಂತೆಯಲ್ಲಿ ಕಂಬಳಿ ಮಾರೋರನ್ನೆಲ್ಲ ವಿಚಾರಿಸಿದೆ. ಫೋಟೋ ತೋರಿಸಿದರೆ ಮುಖವೇ ಇಲ್ಲ, ಬರೀ ನೆರಳು. ಯಾರು ಅಂತ ಹೇಳೋದು? ಆ ಪ್ರಿಂಟ್ ಇನ್ನೂ ನನ್ನ ಡ್ರಾಯರ್‌ನಲ್ಲಿದೆ.

ಅದಾದ ಮೇಲೆ ಸುಮಾರು ಎರಡು ವರ್ಷ ಮದುವೆ ಬಿಟ್ಟು ಬೇರೆ ಒಂದು ಫೋಟೋನೂ ತೆಗೆಯಲಿಲ್ಲ. ಧಾರೆ, ತಾಳಿ, ಊಟದ ಪಂಕ್ತಿ, ಅಷ್ಟೇ. ಆಗ ಮೈಸೂರಿನ ಟಿ.ಎಸ್. ಸತ್ಯನ್ ಅವರ ಫೋಟೋಗಳನ್ನು ಹಳೇ ಪತ್ರಿಕೆಗಳಲ್ಲಿ ಹುಡುಕಿ ಹುಡುಕಿ ನೋಡುತ್ತಿದ್ದೆ. 1977ರಲ್ಲಿ ಪದ್ಮಶ್ರೀ ಬಂದವರು ಅವರು. ಮಕ್ಕಳು, ಬೀದಿ, ಸಾಮಾನ್ಯ ಜನ. ಅದರಲ್ಲಿ ಯಾರೂ ಯಾರಿಗೋಸ್ಕರ ಓಡುತ್ತಿಲ್ಲ. ಜನರ ಮುಂದೆ ಕ್ಯಾಮೆರಾ ಹಿಡಿಯುವ ಧೈರ್ಯ ನನಗೆ ಹೋಗಿತ್ತು. ಅದಕ್ಕೆ ಕಲ್ಲಿನ ಕಡೆ ಹೋದೆ. ಕಲ್ಲು ಸುಸ್ತಾಗಲ್ಲ, ಅಲ್ವಾ?

ನಮ್ಮ ಕೋಟೆಗೆ ಬಂದವರೆಲ್ಲ ಓಬವ್ವನ ಕಿಂಡಿ ಎಲ್ಲಿ ಅಂತ ಕೇಳುತ್ತಾರೆ. ಉಯ್ಯಾಲೆ ಕಂಬದ ಮುಂದೆ ನಿಂತು ಸೆಲ್ಫಿ ತಗೊಳ್ಳುತ್ತಾರೆ. ಈಗಂತೂ ಪ್ರೀ-ವೆಡ್ಡಿಂಗ್ ಜೋಡಿಗಳು. (ನಾನೂ ತೆಗೆಯುತ್ತೇನೆ, ನಿನ್ನ ಹಾಸ್ಟೆಲ್ ಫೀಸು ಅದರಿಂದಲೇ ಹೋಗೋದು, ಹೀಯಾಳಿಸುವ ಹಾಗಿಲ್ಲ.) ನಾನು ಮಾತ್ರ ಒಂದು ಬಂಡೆಯ ಹತ್ತಿರ ಹೋಗುತ್ತಿದ್ದೆ. ಹೆಸರಿಲ್ಲ ಅದಕ್ಕೆ. ಅದರ ಮೈಮೇಲೆ ಸಾಲಾಗಿ ಗುಳಿಗಳಿವೆ. ಬಂಡೆ ಸೀಳಬೇಕಾದರೆ ಹಾಗೆ ಸಾಲಾಗಿ ಗುಳಿ ಕೊರೆದು ಬೆಣೆ ಬಡಿಯುತ್ತಿದ್ದರು. ಈ ಬಂಡೆಯಲ್ಲಿ ಹದಿನಾಲ್ಕು ಗುಳಿ ಮುಗಿದಿದೆ. ಹದಿನೈದನೆಯದು ಬರೀ ಉಳಿಯ ಗೀರು. ಅಲ್ಲಿಗೆ ಬಿಟ್ಟಿದ್ದಾನೆ. ಊಟಕ್ಕೆ ಕರೆದರೋ, ಕೂಲಿ ಸಾಲದು ಅಂತ ಎದ್ದು ಹೋದನೋ, 1779ರಲ್ಲಿ ಹೈದರಾಲಿ ಕೋಟೆ ಹಿಡಿಯೋದಕ್ಕಿಂತ ಎಷ್ಟೋ ಹಿಂದಿನ ಮಾತೋ, ಯಾರಿಗೆ ಗೊತ್ತು. ಆ ಹದಿನೈದನೇ ಗೀರು ನನ್ನನ್ನು ಹಿಡಿದುಕೊಂಡಿತು.

ಬೆಳಿಗ್ಗೆ ಸಂಜೆ ಬಿಸಿಲಲ್ಲೇ ತೆಗೆಯಬೇಕು, ಮಧ್ಯಾಹ್ನ ಕ್ಯಾಮೆರಾ ಮುಚ್ಚಿಡಬೇಕು ಅಂತ ನಮಗೆ ಹೇಳಿಕೊಟ್ಟಿದ್ದರು. ನಾನೂ ಹಾಗೇ ಮಾಡಿದೆ, ಗುಳಿ ಕಾಣಲೇ ಇಲ್ಲ. ಎದುರು ಬಿಸಿಲಿಗೆ ಬಂಡೆ ಬೋಳು ಬೋಳು. ಒಂದು ದಿನ ಮದುವೆ ಬೇಗ ಮುಗೀತು, ಹನ್ನೆರಡೂವರೆಗೆ ಸುಮ್ನೆ ಹತ್ತಿ ಹೋದೆ. ನೆತ್ತಿ ಮೇಲಿನ ಸೂರ್ಯ. ನೆಟ್ಟಗೆ ನಿಂತ ಬಂಡೆಯ ಮೈ ಸವರಿಕೊಂಡು ಬಿಸಿಲು ಕೆಳಗಿಳಿಯುತ್ತಿತ್ತು. ಒಂದೊಂದು ಗುಳಿಯ ಮೇಲಂಚಿನ ನೆರಳೂ ಒಳಗೆ ಬಿದ್ದಿತ್ತು. ಹದಿನೈದನೇ ಗೀರು ಕೂದಲೆಳೆಯಷ್ಟು ಕಪ್ಪಗೆ ಕಂಡಿತು. ಅರ್ಧ ಗಂಟೆಯೂ ಇರಲಿಲ್ಲ, ಹೋಯಿತು. ಮಧ್ಯಾಹ್ನದ ಬಿಸಿಲು ಕೆಟ್ಟದ್ದು ಅಂತ ಅಷ್ಟು ವರ್ಷ ನಂಬಿದ್ದೆನಲ್ಲ ಅಂತ ನಗು ಬಂತು.

ಆ ನೆಗೆಟಿವ್ ತೊಳೆದಿದ್ದು ನಮ್ಮ ಹಳೇ ಮನೆಯ ಬಚ್ಚಲಲ್ಲಿ. ಬೇಸಿಗೆ. ಫಿಲ್ಮ್ ತೊಳೆಯೋ ಡಿ-76 ಡೆವಲಪರ್ ದ್ರಾವಣ 20 ಡಿಗ್ರಿ ಇರಬೇಕು, ನಮ್ಮ ನಲ್ಲಿ ನೀರೇ ಕಾದಿರುತ್ತಿತ್ತು. ನಿಮ್ಮಜ್ಜಿಯ ಮಣ್ಣಿನ ಮಡಕೆಯೊಳಗೆ ಬಾಟಲಿ ಇಳಿಸಿ ತಣ್ಣಗೆ ಮಾಡುತ್ತಿದ್ದೆ. ಬೋರ್‌ವೆಲ್ ನೀರಲ್ಲಿ ಕೊನೇ ತೊಳೆತ ತೊಳೆದರೆ ನೆಗೆಟಿವ್ ಮೇಲೆ ಬಿಳಿ ಚುಕ್ಕೆ. ಅದಕ್ಕೆ ಮಳೆ ನೀರು ಹಿಡಿದಿಟ್ಟು ಸೋಸಿಕೊಳ್ಳುತ್ತಿದ್ದೆ. ದುರ್ಗದಲ್ಲಿ ಮಳೆ ನೀರು ಹಿಡಿಯೋದು ಅಂದರೆ ನಿನಗೇ ಗೊತ್ತಲ್ಲ.

ನೀನು ಕೇಳಿದ್ದೆ, "ನನ್ನದು ಅಂತ ಒಂದು ಶೈಲಿ ಯಾವಾಗ ಬರುತ್ತೆ ಅಪ್ಪಾ" ಅಂತ. ಅದಕ್ಕೆ ಈ ನೆಗೆಟಿವ್‌ನ ಮಾತು. 1997ರಲ್ಲಿ ಮೊದಲ ಪ್ರಿಂಟ್ ಹಾಕಿದಾಗ ಬಂಡೆಯನ್ನು ಕಪ್ಪಗೆ ಮಾಡಿದೆ, ಗುಳಿಗಳು ಹಲ್ಲಿನ ಥರ ಕಾಣಬೇಕು, ನೋಡಿದವರು ಬೆಚ್ಚಬೇಕು ಅಂತ. 2014ರಲ್ಲಿ, ನಿಮ್ಮಜ್ಜಿ ಹೋದ ವರ್ಷ, ಪ್ರಿಂಟ್ ಹಾಕೋ ಎನ್ಲಾರ್ಜರ್ ಅಟ್ಟದಿಂದ ಇಳಿಸಿ ಅದೇ ನೆಗೆಟಿವ್ ಮತ್ತೆ ಹಾಕಿದೆ. ಕೈ ತಾನಾಗೇ ಬೆಳ್ಳಗೆ ಮಾಡಿತು. ಗೀರಿನ ಮೇಲೆ ಬೆಳಕು ಬೀಳದ ಹಾಗೆ ತಂತಿಗೆ ಅಂಟಿಸಿದ ರಟ್ಟಿನ ಚೂರು ಆಡಿಸುತ್ತಾ ನಿಂತಿದ್ದೆ; ಕಾಗದಕ್ಕೆ ಬೆಳಕು ಕಮ್ಮಿ ಬಿದ್ದಷ್ಟೂ ಪ್ರಿಂಟ್ ಬೆಳ್ಳಗಾಗುತ್ತೆ. ಕಲ್ಲು ಯಾರನ್ನೂ ಹೆದರಿಸಬೇಕು ಅಂತ ಆಗ ನನಗೆ ಅನ್ನಿಸುತ್ತಿರಲಿಲ್ಲ. ಎರಡನ್ನೂ ಅಕ್ಕಪಕ್ಕ ಇಟ್ಟರೆ ಇಬ್ಬರು ತೆಗೆದ ಹಾಗಿದೆ.

ಅಮೆರಿಕದ ಛಾಯಾಗ್ರಾಹಕ ಆನ್ಸೆಲ್ ಆಡಮ್ಸ್‌ಗೂ ಹೀಗೇ ಆಗಿತ್ತು ಅಂತ ಆಮೇಲೆ ತಿಳಿಯಿತು. 1941ರಲ್ಲಿ ನ್ಯೂ ಮೆಕ್ಸಿಕೋದ ಹೆರ್ನಾಂಡೆಜ್ ಹಳ್ಳಿಯ ಮೇಲೆ ಚಂದ್ರ ಬಂದಿದ್ದನ್ನು ತೆಗೆದ. ಬೆಳಕು ಅಳೆಯೋ ಲೈಟ್ ಮೀಟರ್ ಕೈಗೆ ಸಿಗಲಿಲ್ಲ. ಚಂದ್ರನ ಬೆಳಕಿನ ಲೆಕ್ಕ ತಲೆಯಲ್ಲಿತ್ತು, ಅದನ್ನೇ ನಂಬಿ ಒತ್ತಿದ. ಇನ್ನೊಂದು ತೆಗೆಯೋಷ್ಟರಲ್ಲಿ ಗೋರಿಗಳ ಶಿಲುಬೆ ಮೇಲಿನ ಬಿಸಿಲು ಹೋಗಿತ್ತು. ಆ ಒಂದೇ ನೆಗೆಟಿವ್‌ನಿಂದ 1300ಕ್ಕೂ ಜಾಸ್ತಿ ಪ್ರಿಂಟ್ ಹಾಕಿದ. ಮೊದಮೊದಲ ಪ್ರಿಂಟ್‌ಗಳಲ್ಲಿ ಆಕಾಶದಲ್ಲಿ ಮೋಡ ಕಾಣುತ್ತೆ, ವಯಸ್ಸಾಗುತ್ತಾ ಹಾಕಿದವುಗಳಲ್ಲಿ ಆಕಾಶ ಹೆಚ್ಚುಕಮ್ಮಿ ಪೂರ್ತಿ ಕಪ್ಪು. ಅವನು ಕಪ್ಪಿನ ಕಡೆ ಹೋದ, ನಾನು ಬಿಳುಪಿನ ಕಡೆ ಬಂದೆ. ಅವನ ಪಕ್ಕ ನನ್ನನ್ನು ನಿಲ್ಲಿಸಿಕೊಳ್ಳುತ್ತಿದ್ದೇನೆ ಅಂತ ನಗಬೇಡ.

ದುಡ್ಡಿನ ಮಾತು ಬೇಗ ಮುಗಿಸುತ್ತೇನೆ. ಬೆಂಗಳೂರಿನ ಒಂದು ಗ್ಯಾಲರಿಗೆ ಕಲ್ಲಿನ ಪ್ರಿಂಟ್‌ಗಳನ್ನು ಹೊತ್ತುಕೊಂಡು ಹೋಗಿದ್ದೆ. ಕಲ್ಲು ಮಾರಾಟವಾಗಲ್ಲ, ಹಂಪಿ ಇದ್ದರೆ ತನ್ನಿ ಅಂದರು. ಬಸ್ಸಲ್ಲಿ ವಾಪಸ್ ಬರುವಾಗ ಪ್ಯಾಕೆಟ್ ತೊಡೆ ಮೇಲಿಟ್ಟುಕೊಂಡು ಶಿರಾವರೆಗೂ ನಿದ್ದೆ ಮಾಡಿದೆ. ಅಷ್ಟು ಬೇಜಾರಾಗಲಿಲ್ಲ, ಮಾರನೇ ದಿನ ಆರತಕ್ಷತೆ ಇತ್ತು. ಇಲ್ಲಿವರೆಗೆ ಏಳು ಪ್ರಿಂಟ್ ಮಾರಿದ್ದೇನೆ. ಅದನ್ನೇ ನಂಬಿಕೊಂಡಿದ್ದರೆ ನೀನು ಇವತ್ತು ದಾವಣಗೆರೆಯ ಹಾಸ್ಟೆಲಲ್ಲಿ ಇರುತ್ತಿರಲಿಲ್ಲ.

ಈಗ ನಿನ್ನ ಏಳನೇ ಫೋಟೋ. ಅದನ್ನು ಕಳಿಸುವಾಗ "ಇದು ಶೇಕ್ ಆಗಿದೆ, ಡಿಲೀಟ್ ಮಾಡ್ತೀನಿ" ಅಂತ ಬರೆದಿದ್ದೆ. ಆತ ಜರಡಿ ಕೆಳಗಿಟ್ಟಿದ್ದಾನೆ. ಬಿಸಿಲಿನ ಕೋಲು ಅವನನ್ನು ಬಿಟ್ಟು ಗೋಡೆಗೆ ಹೋಗಿದೆ. ಬನಿಯನ್ ಅಂಚಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಾನೆ. ನಿನ್ನ ಕ್ಯಾಮೆರಾ ಅಲ್ಲಾಡಿದೆ. ನಿನಗೂ ಹೊಗೆಗೆ ಕಣ್ಣುರಿ ಬಂದಿತ್ತು ಅಂತ ಕಾಣುತ್ತೆ. ಅವನು ನಿನ್ನ ಕಡೆ ನೋಡುತ್ತಿಲ್ಲ, ನೀನು ಅಲ್ಲಿರೋದನ್ನೇ ಮರೆತಿದ್ದಾನೆ. ಅಥವಾ ನೀನಿದ್ದರೂ ಪರವಾಗಿಲ್ಲ ಅಂದುಕೊಂಡಿದ್ದಾನೆ. ಇಷ್ಟು ವರ್ಷದಲ್ಲಿ ಅಂಥದ್ದು ನನಗೆ ಬಂದಿಲ್ಲ. ಡಿಲೀಟ್ ಮಾಡಿದ್ದೀಯಾ? ಮಾಡಿದ್ದರೆ ಕಾರ್ಡಿಗೆ ಬೇರೇನೂ ತುಂಬಬೇಡ, ಹಾಗೇ ಎತ್ತಿಡು. ಇಲ್ಲಿಗೆ ತಂದರೆ ವಾಪಸ್ ತೆಗೆಯೋಕೆ ಆಗುತ್ತೆ.

ಇದ್ದರೆ ದೊಡ್ಡ ಫೈಲೇ ಕಳಿಸು. ವಾಟ್ಸಾಪಲ್ಲಿ ಬೇಡ, ಕುಗ್ಗಿಹೋಗುತ್ತೆ. ನಾನು ಎರಡು ಪ್ರಿಂಟ್ ಹಾಕಿಸುತ್ತೇನೆ. ನೀನು ಭಟ್ಟಿಗೆ ಹೋಗಿ ಆತನ ಹೆಸರು, ಊರು ಕೇಳಿಕೊಂಡು ಬಾ. ಕ್ಯಾಮೆರಾ ಹಾಸ್ಟೆಲಲ್ಲೇ ಬಿಟ್ಟು ಹೋಗು. ಎರಡು ಸೇರು ಮಂಡಕ್ಕಿನೂ ತಗೊಂಡು ಬಾ, ನಿಮ್ಮಮ್ಮನಿಗೆ ಇಲ್ಲಿಯದು ಸೇರಲ್ಲ.

ಅವಳು ಚಟ್ನಿಪುಡಿ ಮಾಡಿಟ್ಟಿದ್ದಾಳೆ, ಶನಿವಾರ ಬಸ್ಸಿಗೆ ಕೊಡುತ್ತೇನೆ.

ನಿನ್ನ
ಅಪ್ಪ