ಚಕ್ರದ ಮೇಲಿನ ನಾಲ್ಕು ಬೆರಳು ಜಾಗ

ಗದಗ

ಪ್ರೀತಿಯ ಮಂಜುಗೆ ನಿನ್ನ ಕಾಕಾನ ಆಶೀರ್ವಾದ.

ನಿನ್ನ ಗಾಡಿಯ ಫೋಟೋ ನೋಡಿದೆ. ಬಿಳಿ ಸ್ವಿಫ್ಟಿಗೆ ಆ ಕರಿ ಅಲಾಯ್ ಚೆಂದ ಒಪ್ಪಿದೆ. ಟೈರಿಗೂ ಅದರ ಮೇಲಿನ ತಗಡಿಗೂ, ಅಂದರೆ ಫೆಂಡರಿಗೂ, ನಡುವೆ ನಾಲ್ಕು ಬೆರಳು ಜಾಗ ಸುಮ್ನೆ ಖಾಲಿ ಕಾಣುತ್ತದೆ, ಗಾಡಿ ಕೆಳಗೆ ಕೂರಿಸಿದರೆ ನೋಟವೂ ಬರುತ್ತದೆ, ತಿರುವಿನಲ್ಲಿ ಹಿಡಿತವೂ ಬರುತ್ತದೆ ಎಂದು ಬರೆದಿದ್ದೀಯ. ಸ್ಪ್ರಿಂಗಿನ ಒಂದು ಸುತ್ತು ಕಟ್ ಮಾಡಿಸಿದರೆ ಮುಗೀತು ಅಂತ ನಿನ್ನ ಗೆಳೆಯ ಹೇಳಿದನಂತೆ. ನಿನ್ನ ಅವ್ವ ನನಗೆ ಫೋನ್ ಮಾಡಿ, ನೀನೇ ಬೈದು ಬಿಡಿಸು ಅಂದಳು. ನಾನು ಬೈಯುವುದಿಲ್ಲ. ಗಾಡಿ ಚೆಂದ ಇರಬೇಕು ಅನ್ನುವ ಹುಡುಗರು ಗಾಡಿಯನ್ನು ಚೊಕ್ಕ ಇಟ್ಟುಕೊಳ್ಳುತ್ತಾರೆ, ಅದು ನನಗೂ ಇಷ್ಟ. ಆದರೆ ಸ್ಪ್ರಿಂಗ್ ಮಾತ್ರ ಕಟ್ ಮಾಡಿಸಬೇಡ. ಯಾಕೆ ಅಂತ ಪೂರ್ತಿ ಹೇಳುತ್ತೇನೆ, ಸಮಾಧಾನದಿಂದ ಓದು.

ಆ ನಾಲ್ಕು ಬೆರಳು ಖಾಲಿ ಜಾಗ ಅಲ್ಲ. ಗುಂಡಿ ದಾಟುವಾಗ, ಹಂಪು ಇಳಿಯುವಾಗ, ತಿರುವಿನಲ್ಲಿ ಗಾಡಿ ವಾಲುವಾಗ ಚಕ್ರ ಮೇಲೆ ಹೋಗಬೇಕಾದ ದಾರಿ ಅದು. ಆ ದಾರಿ ಮುಗಿಯುವ ಕಡೆ ಶಾಕ್ ಅಬ್ಸಾರ್ಬರ್ ರಾಡಿನ ಮೇಲೆ ಬಂಪ್ ಸ್ಟಾಪ್ ಅಂತ ರಬ್ಬರಿನ ತುಂಡು ಇರುತ್ತದೆ. ಕಬ್ಬಿಣಕ್ಕೆ ಕಬ್ಬಿಣ ಬಡಿಯದಂತೆ ಅದು ತಡೆಯುತ್ತದೆ. ಗಾಡಿ 40 ಮಿಲಿಮೀಟರ್ ಇಳಿಸಿದೆ ಅಂದರೆ ಆ ದಾರಿಯಲ್ಲಿ 40 ಮಿಲಿಮೀಟರ್ ಹೋಯಿತು. ಮೂರು ಜನ ಹತ್ತಿದರೆ ಮತ್ತಷ್ಟು ಹೋಯಿತು. ಆಮೇಲೆ ಸಣ್ಣ ಗುಂಡಿಗೂ ಗಾಡಿ ಆ ರಬ್ಬರಿನ ಮೇಲೆ ಕೂರುತ್ತದೆ. ತಿರುವಿನ ನಡುವೆ ಹಾಗೆ ಕೂತರೆ ಸ್ಪ್ರಿಂಗ್ ಕೆಲಸ ಅಲ್ಲಿಗೆ ನಿಂತಂತೆ. ಎಲ್ಲ ಭಾರ ಒಮ್ಮೆಲೇ ಟೈರಿಗೆ ಬಿದ್ದು ಹಿಡಿತ ತಪ್ಪುತ್ತದೆ. ನೀನು ಹಿಡಿತಕ್ಕಾಗಿ ಮಾಡಿಸಿದ ಕೆಲಸವೇ ಹಿಡಿತ ಬಿಡಿಸಿತು, ಅಲ್ವಾ?

ಇನ್ನು ಕಟ್ ಮಾಡುವುದು. ಸ್ಪ್ರಿಂಗಿನ ತುದಿಯನ್ನು ಕೆಳಗಿನ ಸೀಟಿನಲ್ಲಿ, ಅಂದರೆ ಸ್ಪ್ರಿಂಗ್ ಕೂರುವ ತಟ್ಟೆಯಲ್ಲಿ, ಸರಿಯಾಗಿ ಕೂರುವಂತೆ ಮಾಡಿರುತ್ತಾರೆ. ಗ್ಯಾಸ್ ಕಟರ್ ಹಚ್ಚಿದರೆ ಆ ತುದಿ ಹೋಗುತ್ತದೆ. ಬೆಂಕಿ ತಾಗಿದ ಕಡೆ ಉಕ್ಕಿನ ಹದವೂ ಹೋಗುತ್ತದೆ, ಮುಂದೆ ಅಲ್ಲೇ ಕುಸಿಯುತ್ತದೆ ಇಲ್ಲವೇ ಮುರಿಯುತ್ತದೆ. ಸುತ್ತು ಕಡಿಮೆಯಾದರೆ ಸ್ಪ್ರಿಂಗ್ ಬಿರುಸಾಗುವುದು ನಿಜ. ಆದರೆ ಕಳೆದುಕೊಂಡ ದಾರಿಗೆ ತಕ್ಕಷ್ಟು ಬಿರುಸಾಗುವುದಿಲ್ಲ. ಎಲ್ಲಕ್ಕಿಂತ ಹೆಚ್ಚು ನನಗೆ ಭಯ ಇರುವುದು ಬೇರೆ. ಗಾಡಿ ಹಂಪಿನ ಮೇಲಿಂದ ಹಾರಿ ಚಕ್ರ ಕೆಳಗೆ ಜೋತು ಬಿದ್ದಾಗ ಗಿಡ್ಡ ಸ್ಪ್ರಿಂಗ್ ಸೀಟಿನಲ್ಲಿ ಸಡಿಲಾಗುತ್ತದೆ. ಮರಳಿ ಕೂರುವಾಗ ಅದೇ ಜಾಗಕ್ಕೆ ಬರುತ್ತದೆ ಅನ್ನುವ ಖಾತ್ರಿ ಯಾರೂ ಕೊಡಲಾರರು.

ತಗ್ಗಿದ್ದರೆ ಗಾಡಿ ರಸ್ತೆ ಹಿಡಿಯುತ್ತದೆ ಅನ್ನುವ ಮಾತು ಸುಳ್ಳಲ್ಲ. ಭಾರ ನೆಲಕ್ಕೆ ಹತ್ತಿರ ಇದ್ದರೆ ತಿರುವಿನಲ್ಲಿ ಒಳಗಿನ ಟೈರಿನಿಂದ ಹೊರಗಿನ ಟೈರಿಗೆ ಸರಿಯುವ ಭಾರ ಕಡಿಮೆ. ರೇಸ್ ಗಾಡಿಗಳನ್ನು ಅದಕ್ಕೇ ತಗ್ಗು ಮಾಡುತ್ತಾರೆ. ಆದರೆ ಅವರು ಚಕ್ರವನ್ನು ಕೆಳಗಿನಿಂದ ಗಾಡಿಗೆ ಹಿಡಿದಿಡುವ ಲೋವರ್ ಆರ್ಮ್ ಕೂರುವ ಜಾಗವನ್ನೂ ಬದಲಿಸುತ್ತಾರೆ. ನಿನ್ನ ಗಾಡಿಯ ಮುಂದೆ ಇರುವುದು ಮ್ಯಾಕ್‌ಫರ್ಸನ್ ಸ್ಟ್ರಟ್, ಅಂದರೆ ಸ್ಪ್ರಿಂಗ್ ಮತ್ತು ಶಾಕ್ ಒಂದೇ ಕಂಬದಲ್ಲಿ ಇರುವ ಜೋಡಣೆ. ಬರೀ ಸ್ಪ್ರಿಂಗ್ ಗಿಡ್ಡ ಮಾಡಿದರೆ ಲೋವರ್ ಆರ್ಮಿನ ಓಟ ಬದಲಾಗುತ್ತದೆ. ಗಾಡಿ ಯಾವ ಬಿಂದುವಿನ ಸುತ್ತ ವಾಲುತ್ತದೋ ಆ ಬಿಂದು, ಗಾಡಿಯ ಭಾರದ ಕೇಂದ್ರ ಇಳಿದಿದ್ದಕ್ಕಿಂತ ಜಾಸ್ತಿ ಕೆಳಗೆ ಇಳಿಯುತ್ತದೆ. ಎರಡರ ನಡುವಿನ ದೂರ ಹೆಚ್ಚುವುದರಿಂದ, ಸ್ಪ್ರಿಂಗ್ ಸಾಕಷ್ಟು ಬಿರುಸಿಲ್ಲದಿದ್ದರೆ ತಗ್ಗು ಮಾಡಿದ ಗಾಡಿ ಮೊದಲಿಗಿಂತ ಜಾಸ್ತಿ ವಾಲಬಹುದು. ಇದನ್ನು ನಿನ್ನ ಗೆಳೆಯನಿಗೂ ಹೇಳು.

ಟೈರಿನ ಮಾತು. ಮುಳಗುಂದ ನಾಕಾದ ನಮ್ಮ ಅಲೈನ್‌ಮೆಂಟ್ ಅಂಗಡಿಗೆ ಹಿಂಗೇ ಇಳಿಸಿದ ಗಾಡಿ ಒಂದು ಬಂದಿತ್ತು. ಹೊರಗಿನಿಂದ ನೋಡಿದರೆ ಟೈರ್ ಹೊಸದರಂತೆ ಇತ್ತು. ಹೊರ ಅಂಚಿನಲ್ಲಿ ರಬ್ಬರಿನ ಸಣ್ಣ ಕೂದಲು ಕೂಡ ಉದುರಿರಲಿಲ್ಲ. ಸ್ಟೇರಿಂಗ್ ಪೂರ್ತಿ ತಿರುಗಿಸಿ ಒಳ ಅಂಚಿಗೆ ಕೈ ಹಾಕಿದೆ, ಸವೆದ ರಬ್ಬರಿನಿಂದ ಹೊರಬಂದ ಟೈರಿನ ತಂತಿ ಬೆರಳಿಗೆ ಚುಚ್ಚಿತು. ಗಾಡಿ ಇಳಿದಾಗ ಕ್ಯಾಂಬರ್ (ಚಕ್ರ ಒಳಗೆ ಹೊರಗೆ ವಾಲಿ ನಿಲ್ಲುವುದು) ಮತ್ತು ಟೋ (ಚಕ್ರ ಮುಖ ಮಾಡುವ ದಿಕ್ಕು) ಎರಡೂ ಬದಲಾಗಿದ್ದವು, ಇಳಿಸಿದವರು ಅಲೈನ್‌ಮೆಂಟ್ ಮಾಡಿರಲಿಲ್ಲ. ಅದೇ ಟೈರಿನಲ್ಲಿ ಆ ಹುಡುಗ ಹೆಂಡತಿ ಮಗುವನ್ನು ಕೂರಿಸಿಕೊಂಡು ಹಾವೇರಿಯಿಂದ ಬಂದಿದ್ದ.

ಚಿಗರಿ ಸಿಟಿ ಬಸ್ಸಿನ ದಾರಿ ಪಕ್ಕದ ನುಣ್ಣನೆ ರಸ್ತೆಯಲ್ಲಿ ಹುಬ್ಬಳ್ಳಿ-ಧಾರವಾಡ ಓಡಾಡುವವನಿಗೆ ಇದೆಲ್ಲ ದೊಡ್ಡದು ಅನಿಸಲಿಕ್ಕಿಲ್ಲ. ಅಣ್ಣಿಗೇರಿ, ನವಲಗುಂದದ ಕಡೆಯ ಒಳರಸ್ತೆಗೆ ಬಾ. ನಮ್ಮದು ಎರೆಮಣ್ಣು. ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ. ಮೇಲೆ ಎಷ್ಟು ಚೆಂದ ಡಾಂಬರು ಹಾಕಿದರೂ ರಸ್ತೆ ಅಲೆ ಅಲೆಯಾಗುತ್ತದೆ. ಹಂಪಿನ ಕಥೆಯನ್ನೂ ಕೇಳು. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಲೆಕ್ಕದ ಹಂಪು 10 ಸೆಂಟಿಮೀಟರ್ ಎತ್ತರ, ಗಾಡಿ ಓಡುವ ದಿಕ್ಕಿನಲ್ಲಿ 3.7 ಮೀಟರ್ ಅಗಲ. ನಿನ್ನ ಗಾಡಿಯ ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕೆ 2.45 ಮೀಟರ್. ಎರಡೂ ಚಕ್ರ ಹಂಪಿನ ಮೇಲೇ ನಿಲ್ಲುತ್ತವೆ, ತಗ್ಗು ಮಾಡಿದ ಗಾಡಿಯೂ ಹೊಟ್ಟೆ ತಾಗದೆ ದಾಟುತ್ತದೆ. ಆದರೆ ಊರ ಮುಂದೆ ಉಳಿದ ಡಾಂಬರಿನಲ್ಲಿ ರಾತ್ರೋರಾತ್ರಿ ಹಾಕುವ ಗಿಡ್ಡ ದಿಣ್ಣೆಗೆ ಯಾವ ಲೆಕ್ಕ? ಮುಂದಿನ ಚಕ್ರ ಇಳಿದಿರುತ್ತದೆ, ಹಿಂದಿನದು ಇನ್ನೂ ಹತ್ತಿರುವುದಿಲ್ಲ, ದಿಣ್ಣೆ ನೇರ ಗಾಡಿಯ ಹೊಟ್ಟೆಯ ಕೆಳಗೆ ಇರುತ್ತದೆ. ನಿನ್ನದು ಕಂಪನಿಯಿಂದ ಬರುವಾಗ ನೆಲದಿಂದ ಹೊಟ್ಟೆಗೆ 163 ಮಿಲಿಮೀಟರ್ ಎತ್ತರ. ಅದರಲ್ಲಿ 40 ಕಳೆ, ಜನ ಕೂತಾಗ ಕುಗ್ಗುವ ಇಂಚು ಕಳೆ. ಉಳಿದದ್ದು ಅಂಥ ದಿಣ್ಣೆಗೆ ಸಾಲದು.

ಕಾನೂನನ್ನೂ ತಿಳಿದುಕೋ. ಆರ್‌ಸಿಯಲ್ಲಿರುವ ವಿವರಕ್ಕೂ ಕಂಪನಿ ಕೊಟ್ಟ ಮೂಲ ವಿವರಕ್ಕೂ ವ್ಯತ್ಯಾಸ ಬರುವಂತೆ ಗಾಡಿ ಬದಲಿಸುವಂತಿಲ್ಲ ಅನ್ನುತ್ತದೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ. 2019ರ ತಿದ್ದುಪಡಿಯ ಮೇಲೆ ಅನುಮತಿಯಿಲ್ಲದ ಒಂದೊಂದು ಬದಲಾವಣೆಗೂ 5000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಇನ್ಶೂರೆನ್ಸಿನವರಿಗೆ ಹೇಳದೆ ಮಾಡಿಸಿದರೆ ಅಪಘಾತವಾದಾಗ ಕ್ಲೇಮಿಗೂ ತಕರಾರು ಬರಬಹುದು.

ನಿನಗೆ ಬೇಕಾಗಿರುವುದು ಹಿಡಿತ ತಾನೇ? ಹಾಗಾದರೆ ದುಡ್ಡನ್ನು ಮೊದಲು ಟೈರಿಗೆ ಹಾಕು. ರಸ್ತೆಗೆ ತಾಗುವುದು ಅದೊಂದೇ. ಸೆಕೆಂಡ್ ಹ್ಯಾಂಡ್ ಗಾಡಿ ಅದು, ಶಾಕ್ ಅಬ್ಸಾರ್ಬರ್ ಎಣ್ಣೆ ಬಿಟ್ಟಿದೆಯಾ ನೋಡಿಸು. ಲೋವರ್ ಆರ್ಮ್ ಬುಶ್, ಅಂದರೆ ಅದರ ಕೀಲಿನ ರಬ್ಬರ್, ಬಿರಿದಿದ್ದರೆ ಹೊಸದು ಹಾಕಿಸು. ಇಷ್ಟು ಮಾಡಿಸಿ ತಡಸದ ಕಡೆ ಒಂದು ಸಲ ಓಡಿಸಿ ನೋಡು, ನಿನಗೆ ಬೇಕಾಗಿದ್ದು ಬಹುಶಃ ಅಲ್ಲೇ ಸಿಗುತ್ತದೆ.

ಇಷ್ಟಾದ ಮೇಲೂ ಮನಸ್ಸು ತಡೆಯದಿದ್ದರೆ ಮೊದಲು ಆರ್‌ಟಿಓದಲ್ಲಿ ಕೇಳಿ ಬರಹದಲ್ಲಿ ಉತ್ತರ ತಗೋ. ಅವರು ಒಪ್ಪಿದರೆ ಮಾತ್ರ ನಿನ್ನ ಗಾಡಿಗೇ ಮಾಡಿದ ಸ್ಪ್ರಿಂಗ್, ಅದಕ್ಕೆ ಹೊಂದುವ ಶಾಕ್, ಎರಡೂ ಸೇರಿದ ಸೆಟ್ ತಗೋ. ಒಂದು ಇಂಚಿಗಿಂತ ಜಾಸ್ತಿ ಬೇಡ. ಕೂರಿಸುವವನಿಗೆ ಒಂದು ಮಾತು ಹೇಳು: ಬುಶ್ಶಿನ ಬೋಲ್ಟುಗಳನ್ನು ಗಾಡಿ ಜಾಕಿನ ಮೇಲೆ ಇದ್ದಾಗ ಬಿಗಿಯಬಾರದು. ಚಕ್ರಗಳು ನೆಲದ ಮೇಲೆ ಭಾರ ಹೊತ್ತು ನಿಂತ ಮೇಲೆ ಬಿಗಿಯಬೇಕು. ಇಲ್ಲದಿದ್ದರೆ ಒಳಗಿನ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಬಹಳ ಕಡೆ ಈ ಕೆಲಸವನ್ನು ಹಾರಿಸುತ್ತಾರೆ. ಆಮೇಲೆ ಅಲೈನ್‌ಮೆಂಟ್, ಹೆಡ್‌ಲೈಟಿನ ಎತ್ತರ. ಕಂಪನಿ ಸ್ಪ್ರಿಂಗ್ ಗುಜರಿಗೆ ಹಾಕಬೇಡ, ಎಣ್ಣೆ ಸವರಿ ಎತ್ತಿಡು.

ಭಾನುವಾರ ಗಾಡಿ ತಗೊಂಡು ಬಾ. ರ‍್ಯಾಂಪಿಗೆ ಹಾಕಿ ಬುಶ್, ಶಾಕ್ ಎಲ್ಲ ನಾನೇ ನೋಡುತ್ತೇನೆ. ಅವ್ವನನ್ನೂ ಅಪ್ಪನನ್ನೂ ಕರೆದುಕೊಂಡು ಬಾ. ಮನೆ ಮಂದಿ ಕೂತಾಗ ನಿನ್ನ ಗಾಡಿ ಎಷ್ಟು ಇಳಿಯುತ್ತದೆ ಎಂದು ಟೇಪ್ ಹಿಡಿದು ಅಳೆಯೋಣ.

ನಿನ್ನ ಕಾಕಾ