ಮತ್ತೆ ಪೆಡಲ್ ಮೇಲೆ ಕಾಲಿಟ್ಟೆ

ಎಲ್ಲರಿಗೂ ನಮಸ್ಕಾರ. ನರದ ಕಾಯಿಲೆಯಿಂದ ಕೆಲಸ ಬಿಟ್ಟು 14 ತಿಂಗಳಾದ ಮೇಲೆ, ಈ ಸೋಮವಾರ, ಬಳ್ಳಾರಿಯ ನಮ್ಮ ಜೀನ್ಸ್ ಯೂನಿಟ್‌ನಲ್ಲಿ ಮತ್ತೆ ಮೆಷಿನ್ ಮುಂದೆ ಕೂತೆ. ಊಟದ ಹೊತ್ತಿಗೆ 9 ಪ್ಯಾಂಟಿಗೆ ಜೇಬು ಹೊಲಿದಿದ್ದೆ.

ಎಲ್ಲ ಶುರುವಾಗಿದ್ದು ದಾರದಿಂದ. ಜೀನ್ಸ್ ಮೇಲೆ ಎದ್ದು ಕಾಣುವ ಕಿತ್ತಳೆ ದಾರ ಬಲಗಣ್ಣಿಗೆ ಮಾಸಿದ ಹಾಗೆ ಕಂಡಿತು. ದಾರವೇ ಸರಿಯಿಲ್ಲ ಅಂತ ರೀಲ್ ಬದಲಾಯಿಸಿದೆ. ಆಮೇಲೆ ಪಾದಕ್ಕೆ ಜೋಮು. ಪೆಡಲ್ ಒತ್ತಿದ್ದೇ ಗೊತ್ತಾಗದೆ ಒಂದು ದಿನ ಸೂಜಿ ಬೆರಳಿಗೆ ಇಳಿಯಿತು. ಮೊದಲು ತೋರಿಸಿದ ಕಡೆ ನಿಶ್ಶಕ್ತಿ ಅಂದರು. ಎರಡು ತಿಂಗಳು ಸುಮ್ನೆ ಹೋಯಿತು. ಅಷ್ಟರಲ್ಲಿ ನಿಲ್ಲಲೂ ಆಗುತ್ತಿರಲಿಲ್ಲ.

ಅಣ್ಣ ನನ್ನನ್ನು ಎತ್ತಿಕೊಂಡೇ ಹಂಪಿ ಎಕ್ಸ್‌ಪ್ರೆಸ್ ಹತ್ತಿಸಿದ. ನಿಮ್ಹಾನ್ಸ್‌ನಲ್ಲಿ ಎಂಆರ್‌ಐ ಮಾಡಿದರು, ಬೆನ್ನಿನಿಂದ ನೀರು ತೆಗೆದರು, ಕೈಕಾಲಿಗೆ ಸಣ್ಣ ಶಾಕ್ ಕೊಟ್ಟು ನರದ ವೇಗ ಅಳೆದರು. ನರದ ಮೇಲೆ ಮಯಲಿನ್ ಅಂತ ಒಂದು ಹೊದಿಕೆ ಇರುತ್ತದೆ. ಅದನ್ನು ನಮ್ಮ ದೇಹದ ರೋಗನಿರೋಧಕ ಶಕ್ತಿಯೇ ಹಾಳು ಮಾಡುವ ಕಾಯಿಲೆ ಇದು. ಸಾಮಾನ್ಯವಾಗಿ ಮಿದುಳು, ಬೆನ್ನುಹುರಿಯ ಕಡೆ ಆಗುತ್ತದೆ, ಇಲ್ಲವೇ ಕೈಕಾಲಿನ ನರಗಳಲ್ಲಿ. ನನಗೆ ಎರಡೂ ಕಡೆ ಆಗಿತ್ತು. ಅದು ಅಪರೂಪ. ಕಣ್ಣಿನ ನರ ಮಿದುಳಿಗೇ ಸೇರಿದ್ದು ಅಂತ ಆವತ್ತು ತಿಳಿಯಿತು.

ಸ್ಟೀರಾಯ್ಡ್ ಆದಮೇಲೆ ಐವಿಐಜಿ ಅನ್ನುವ ರೋಗನಿರೋಧಕ ಪ್ರೋಟೀನನ್ನು ಡ್ರಿಪ್‌ನಲ್ಲಿ ಹಾಕಿದರು. ನನ್ನ ತೂಕ 50 ಕೆಜಿ. ಕೆಜಿಗೆ 2 ಗ್ರಾಂ ಲೆಕ್ಕದಲ್ಲಿ 5 ದಿನಕ್ಕೆ 100 ಗ್ರಾಂ, ಅಂದರೆ 20 ಪುಟ್ಟ ಬಾಟಲಿ. ಅತ್ತಿಗೆ ಒಂದನ್ನು ಕುಲುಕಿ ನೋಡಲು ಹೋದರೆ ಸಿಸ್ಟರ್ ತಡೆದರು. "ನೊರೆ ಬರುತ್ತೆ, ಕುಲುಕಬಾರದಮ್ಮ. ಇದು ಜನ ಕೊಟ್ಟ ರಕ್ತದಿಂದ ಬಂದಿದ್ದು. ಒಂದು ಬ್ಯಾಚಲ್ಲಿ ಸಾವಿರಕ್ಕೂ ಜಾಸ್ತಿ ಜನರ ಪ್ಲಾಸ್ಮಾ ಇರುತ್ತೆ" ಅಂದರು. ಆ ರಾತ್ರಿಯೆಲ್ಲ ತೊಟ್ಟಿಕ್ಕುವ ಹನಿ ನೋಡುತ್ತಾ ಮಲಗಿದ್ದೆ. ಅವರು ಯಾರೋ, ಯಾವ ಊರವರೋ. ನಾನು ಯಾರಂತ ಅವರಿಗೂ ಗೊತ್ತಿಲ್ಲ ಅಲ್ವಾ?

ಮನೆಗೆ ಬಂದ ಮೇಲೆ ಅತ್ತಿಗೆ ದಿನಾ ಸಂಜೆ ನನ್ನ ಕಣ್ಣು ಮುಚ್ಚಿಸಿ ಕಾಲ್ಬೆರಳು ಅಲುಗಿಸುತ್ತಿದ್ದರು. "ಮೇಲೋ ಕೆಳಗೋ, ಹೇಳು." ಮೂರು ತಿಂಗಳು ಬರೀ ತಪ್ಪು. ಒಂದು ಸಂಜೆ "ಮೇಲೆ" ಅಂದೆ. ಅತ್ತಿಗೆ ಮಾತಾಡಲಿಲ್ಲ. ಕಣ್ಣು ಬಿಟ್ಟು ನೋಡಿದರೆ ನನ್ನ ಪಾದ ಹಿಡಿದುಕೊಂಡು ಅಳುತ್ತಿದ್ದರು.

ಅತ್ತಿಗೆ, ನಿಮ್ಮ ಋಣ ದೊಡ್ಡದು. ತನ್ನ ಸರದಿಯ ಚೀಟಿ ಹಣ ನನಗೆ ಬಿಟ್ಟುಕೊಟ್ಟ ಓವರ್‌ಲಾಕ್ ಮೆಷಿನ್‌ನ ಅಕ್ಕ, ನನ್ನ ಮೆಷಿನ್ ಬೇರೆಯವರಿಗೆ ಕೊಡದೆ ಇಟ್ಟ ಯಜಮಾನರು, ನಿಮ್ಮನ್ನು ಮರೆಯಲಾರೆ. ದಾರ ಈಗಲೂ ಸ್ವಲ್ಪ ಮಾಸಿದಂತೆಯೇ ಕಾಣುತ್ತದೆ. ಔಷಧಿಯೂ ನಡೆದಿದೆ.

ನಾನು ರಕ್ತ ಕೊಡುವ ಹಾಗಿಲ್ಲ. ಅದಕ್ಕೆ ಭಾನುವಾರ ಅಣ್ಣನೂ ಯೂನಿಟ್‌ನ ನಾಲ್ಕು ಹುಡುಗರೂ ಹೋಗಿ ಕೊಟ್ಟು ಬಂದರು. ನಾನು ಹೊರಗೆ ಬೆಂಚಿನ ಮೇಲೆ ಕೂತು ಐದೂ ಜನರ ಚಪ್ಪಲಿ ಕಾಯುತ್ತಿದ್ದೆ.